ಪೆಡಲಿಲ್ಲದ ಸೈಕಲ್

ಶೆಡ್ಡಿನ ಬೀಗ ಸರಿಯಾಗಿಯೇ ಇತ್ತು. ಒಳಗೆ ಸೈಕಲ್ಲೂ ಇತ್ತು. ಹ್ಯಾಂಡಲಿಗೆ ಕಟ್ಟಿದ್ದ ಸೇವಂತಿಗೆ ಹಾರ ಕೂಡ ಬಾಡಿರಲಿಲ್ಲ. ಪೆಡಲ್ ಮಾತ್ರ ಇರಲಿಲ್ಲ—ಎರಡೂ.

ಆಯುಧಪೂಜೆಯ ಮಾರನೇ ಬೆಳಿಗ್ಗೆ ಮೊಮ್ಮಗಳು ಚೈತನ್ಯಾ ಶಿವಮೊಗ್ಗದಿಂದ ಫೋನಿನಲ್ಲಿ ಇಷ್ಟು ಹೇಳಿ ಸುಮ್ಮನಾದಳು. ಅಳುವ ಹುಡುಗಿಯಲ್ಲ. ಸುಮ್ಮನಾದರೆ ನನಗೆ ಭಯ.

"ಬೇರೆ ಹಾಕಿಸ್ಕೋ ಮಗಾ."

"ಎಲ್ಲಿ ಸಿಗುತ್ತೆ ಅಜ್ಜ? ಇವತ್ತು ವಿಜಯದಶಮಿ. ನಾಳೆ ಬೆಳಿಗ್ಗೆ ಸೆಲೆಕ್ಷನ್."

ಸೋಗಾನೆಯ ಆಚೆ ಜಂಬಿಟ್ಟಿಗೆ ಕಲ್ಲಿನ ಗುಡ್ಡದ ಮೇಲಿಂದ ಸೈಕಲ್ ಇಳಿಸುವ ಪಂದ್ಯ. ಅವಳ ಕ್ಲಬ್ಬಿನಿಂದ ರಾಜ್ಯದ ತಂಡಕ್ಕೆ ಒಬ್ಬರೇ ಹೋಗುವುದು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ನಾಳೆ ತಪ್ಪಿದರೆ ತಪ್ಪಿದ ಹಾಗೇ.

ಪಕ್ಕದ ಮನೆಯ ವೀರಮ್ಮನವರನ್ನು ಕರೆದೆ. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರಾದವರು. ಎದುರಿಗಿರುವವರು ಹೆಚ್ಚು ಮಾತಾಡಿದಷ್ಟೂ ತಾವು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಾ ಕೂರುವ ಹೆಂಗಸು. ನನ್ನ ಸ್ಕೂಟರಿನ ಹಿಂದೆ ಕೂತರು.

ಭದ್ರಾವತಿಯಲ್ಲಿ ಸೈಕಲ್ ಅಂಗಡಿಗಳಿಗೆಲ್ಲ ಬಾಳೆಕಂದು ಕಟ್ಟಿ ಬಾಗಿಲು ಹಾಕಿತ್ತು. ಊರೆಲ್ಲ ಅಲೆದು ಮಧ್ಯಾಹ್ನ ಒಬ್ಬನನ್ನು ಮನೆಯಿಂದ ಎಬ್ಬಿಸಿದೆವು. "ಹಾಲಿನವರ ಸೈಕಲ್ಲಿನ ರಬ್ಬರ್ ಪೆಡಲ್ ಇದೆ, ಸಾಕಾ?" ಅಂದ. ಸಾಲದು. ಶಿವಮೊಗ್ಗದ ದಾರಿ ಹಿಡಿದೆವು.

"ಅದೇನಪ್ಪ ಆ ಪೆಡಲಿನಲ್ಲಿ ಅಂಥಾದ್ದು?" ವೀರಮ್ಮ ಹಿಂದಿನಿಂದ ಕೇಳಿದರು.

ಹೇಳಿದೆ. ಮೊದಲು ಅವಳಿಗೆ ಕೋಚ್ ಹಾಕಿಸಿದ್ದು ಕ್ಲಿಪ್ ಪೆಡಲ್—ಶೂ ಅದಕ್ಕೆ ಕಚ್ಚಿಕೊಳ್ಳುತ್ತದೆ. ಹೋದ ವರ್ಷ ಗುಡ್ಡದಲ್ಲಿ ಬಿದ್ದಾಗ ಕಾಲು ಬಿಡಿಸಿಕೊಳ್ಳಲಾಗಲಿಲ್ಲ. ಸೈಕಲ್ಲಿನ ಜೊತೆಗೇ ಉರುಳಿ ಹೆಗಲ ಮೂಳೆ ಮುರಿಯಿತು. ವಾಸಿಯಾದ ಮೇಲೆ ಶೂ ಕಚ್ಚಿಕೊಳ್ಳದ, ಚಪ್ಪಟೆಯ ಫ್ಲಾಟ್ ಪೆಡಲ್ ಹುಡುಕತೊಡಗಿದಳು. ಪ್ಲಾಸ್ಟಿಕ್ಕಿನದು ಕೆಸರಿನಲ್ಲಿ ಜಾರಿತು. ದಪ್ಪನೆಯದು ಕಲ್ಲಿಗೆ ಬಡಿಯಿತು. ಸಣ್ಣದರಲ್ಲಿ ಪಾದ ಅರ್ಧ ಹೊರಗೆ. ಕಡೆಗೆ ಸಿಕ್ಕಿದ್ದು ಅಗಲವಾದ, ತೆಳ್ಳಗಿನ ಅಲ್ಯೂಮಿನಿಯಂ ಜೋಡಿ. ಮೇಲೆಲ್ಲ ಮುಳ್ಳಿನಂಥ ಪಿನ್ನು. ಶೂ ಹಿಡಿಯುತ್ತದೆ, ಬೇಕೆಂದಾಗ ಬಿಡುತ್ತದೆ. ಆ ಪಿನ್ನು ಕೆರೆದ ಗಾಯದ ಗುರುತುಗಳು ಅವಳ ಮೊಣಕಾಲ ಕೆಳಗೆ ಈಗಲೂ ಇವೆ. ಆದರೂ ಅದರ ಮೇಲೆ ನಿಂತಾಗಲೇ ಅವಳ ಭಯ ಹೋದದ್ದು.

"ಕೋಚ್ ಒಪ್ಪಿದ್ರಾ?"

"ಎಲ್ಲಿ? ದಿನಾ ಜಗಳ."



ವಿನೋಬನಗರದ ಕ್ಲಬ್ಬಿನ ಶೆಡ್ಡಿನಲ್ಲಿ ಚೈತನ್ಯಾ ನೆಲದ ಮೇಲೆ ಕೂತಿದ್ದಳು. ಶೆಡ್ಡಿನ ಮೆಕ್ಯಾನಿಕ್ ಮೂರ್ತಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಮುಖ ಸುಟ್ಟ ಹಾಗಾಗಿತ್ತು. ಗೋಡೆಯ ಪಕ್ಕ ಹಲಗೆಯ ಮೇಲೆ ಅವನ ಹತಾರಗಳೆಲ್ಲ ಸಾಲಾಗಿ ಪೂಜೆಗೆ ಕೂತಿದ್ದವು.

"ಬೀಗದ ಕೀ ಯಾರ್ಯಾರ ಹತ್ರ?" ವೀರಮ್ಮ ಶುರುಮಾಡಿದರು.

"ನನ್ನ ಹತ್ರ. ಕೋಚ್ ಸುದರ್ಶನ ಸರ್ ಹತ್ರ. ದೀಪಶ್ರೀ ಹತ್ರ," ಎಂದ ಮೂರ್ತಪ್ಪ. "ಬೆಳಿಗ್ಗೆ ಇವ್ಳಿಗೆ ಬಾಗಿಲು ತೆಗೆದವ್ನೂ ನಾನೇ, ಎಲ್ರೂ ನನ್ನನ್ನೇ ನೋಡ್ತಿದಾರೆ ಅಮ್ಮ. ಪೂಜೆಗಿಟ್ಟ ಸಾಮಾನು ನಾನು ಮುಟ್ತೀನಾ? ಇವತ್ತು ಸಂಜೆ ಬನ್ನಿ ತಂದ ಮೇಲೇ ನಾನು ಅದನ್ನ ಎತ್ತೋದು."

"ನಿನ್ನೆ ಪೂಜೆಗೆ ಯಾರಿದ್ರು?"

"ನಾನು, ಇವ್ಳು, ದೀಪಶ್ರೀ. ಮಧ್ಯಾಹ್ನಕ್ಕೆ ಬೀಗ ಹಾಕಿದ್ವಿ."

"ಪೆಡಲ್ ಬಿಚ್ಚೋದು ಕಷ್ಟಾನಾ?"

"ಗೊತ್ತಿದ್ರೆ ಸುಲಭ. ಎಡಗಡೆದು ಉಲ್ಟಾ ತಿರುಗಿಸ್ಬೇಕು. ಗೊತ್ತಿಲ್ದೋರು ತಿರುಪಿನ ಮರೆ ಕೊಯ್ದು ಹಾಳು ಮಾಡ್ತಾರೆ. ಇಲ್ಲಿ ಒಂದು ಗೀರೂ ಇಲ್ಲ."

ಅಷ್ಟರಲ್ಲಿ ದೀಪಶ್ರೀ ಬಂದಳು. ಅದೇ ಕ್ಲಬ್ಬಿನ ಇನ್ನೊಬ್ಬ ಹುಡುಗಿ, ನಾಳೆ ಚೈತನ್ಯಾಳಿಗೆ ಎದುರಾಳಿ. ನನಗೆ ಅನುಮಾನ ಇದ್ದದ್ದು ಅವಳ ಮೇಲೇ, ಮುಚ್ಚಿಡುವುದೇಕೆ?

"ನಿನಗೆ ಲಾಭ ಅಲ್ವೇನಮ್ಮ?" ವೀರಮ್ಮ ನೇರವಾಗಿ ಕೇಳಿದರು.

"ಲಾಭಾನೇ ಆಂಟಿ. ಇವ್ಳು ಸೋಲ್ಬೇಕು ಅಂತಾನೇ ನನ್ನಾಸೆ," ಎಂದಳು ದೀಪಶ್ರೀ. "ಗುಡ್ಡದ ಮೇಲೆ. ಶೆಡ್ಡಲ್ಲಿ ಅಲ್ಲ. ಪೆಡಲ್ ಇಲ್ದೋಳನ್ನ ಗೆದ್ದೆ ಅಂತ ಯಾರಿಗೆ ಹೇಳ್ಕೊಳ್ಳಲಿ?"

"ನೀನು ಕ್ಲಿಪ್ಪಾ, ಫ್ಲಾಟಾ?"

"ಕ್ಲಿಪ್ಪು. ಇವ್ಳ ಪೆಡಲ್ ನನಗೆ ಪುಕ್ಕಟೆ ಕೊಟ್ರೂ ಬೇಡ ಆಂಟಿ, ಕಾಲು ಕೆರೆಯುತ್ತೆ."

ಚೈತನ್ಯಾ ತಲೆ ಎತ್ತಲಿಲ್ಲ. "ಇವತ್ತು ಪ್ರಾಕ್ಟೀಸ್ ಮಾಡ್ಬೇಕಿತ್ತು," ಎಂದಳು. ಅಷ್ಟೇ.

ವೀರಮ್ಮ ಸೈಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಪೆಡಲ್ ಸಿಕ್ಕಿಸುವ ತೂತಿಗೆ ಹೊರಗಿನಿಂದ ಅಲ್ಲ, ಚಕ್ರದ ಕಡೆಯಿಂದ ಇಣುಕಿದರು. ಬೆರಳಿಟ್ಟು ತೆಗೆದರು. ಬೆರಳ ತುದಿ ಕೆಂಪಗಿತ್ತು.

"ತುಕ್ಕು," ಎಂದೆ ನಾನು.

ಅವರು ಬೆರಳು ಮೂಸಿ ಚೈತನ್ಯಾಳ ಕಡೆ ತಿರುಗಿದರು. "ಪೆಡಲಿಗೆ ಕುಂಕುಮ ಇಟ್ಟಿದ್ದೇನಮ್ಮ?"

"ಇಲ್ಲ. ಹ್ಯಾಂಡಲಿಗೆ, ಚಕ್ರಕ್ಕೆ ಮಾತ್ರ. ಪೆಡಲಿಗೆ ಇಟ್ರೆ ಶೂ ಜಾರುತ್ತೆ."

ಹೊರಗೆ ಕಾರು ನಿಂತ ಸದ್ದಾಯಿತು. ಕೋಚ್ ಸುದರ್ಶನ. ಕೈಯಲ್ಲಿ ಒಂದು ಜೊತೆ ಕ್ಲಿಪ್ ಪೆಡಲ್, ಕಂಕುಳಲ್ಲಿ ಶೂ ಡಬ್ಬ.

"ಭದ್ರಾವತಿಯಿಂದ ಸೀದಾ ಬಂದೆ. ಹಬ್ಬಕ್ಕೆ ಅತ್ತೆ ಮನೇಲಿದ್ದೆ. ಇವಳ ಫೋನ್ ಬಂದ ತಕ್ಷಣ ಹೊರಟೆ," ಎಂದು ಒಂದೇ ಉಸಿರಿಗೆ ಹೇಳಿದರು. "ಮೂರ್ತಪ್ಪ, ಇದು ನಿನ್ನ ಜವಾಬ್ದಾರಿ. ಸ್ಪ್ಯಾನರ್ ಇರೋದು ನಿನ್ನ ಹತ್ರ. ಪೂಜೆ ಗೀಜೆ ಅಂತ ನೆಪ ಹೇಳ್ಬೇಡ. ಪೊಲೀಸ್ ಕಂಪ್ಲೇಂಟ್ ಕೊಟ್ರೆ ಏನಾಗುತ್ತೆ ಗೊತ್ತಾ?"

 

"ಆಮೇಲೆ ಕೊಡೋಣ," ಎಂದರು ವೀರಮ್ಮ. "ನೀವು ನಿನ್ನೆ ಪೂಜೆಗೆ ಬಂದಿರಲಿಲ್ವಾ?"

"ನಾನು ಈ ಕಡೆ ತಲೆನೇ ಹಾಕಿಲ್ಲ. ಚೈತನ್ಯಾ, ಏಳು. ಈ ಕ್ಲಿಪ್ ಹಾಕ್ಕೋ. ಶೂ ನಿನ್ನ ಅಳತೆದೇ. ಬೇರೆ ದಾರಿ ಏನಿದೆ ಈಗ?"

ಚೈತನ್ಯಾ ಆ ಪೆಡಲನ್ನು ನೋಡಿದಳು. ಅವಳ ಕೈ ತಾನಾಗಿಯೇ ಹೆಗಲಿಗೆ ಹೋಯಿತು.  ಆ ಭಯ ಹೋಗಲಿಕ್ಕೆ ಒಂದು ವರ್ಷ ಬೇಕಾಗಿತ್ತು. ಬರಲಿಕ್ಕೆ ಒಂದು ಕ್ಷಣ.

"ಸ್ವಲ್ಪ ತಡಿಯಮ್ಮ," ಎಂದು ವೀರಮ್ಮ ಹಲಗೆಯ ಹತ್ತಿರ ನಿಂತರು. "ದೀಪಶ್ರೀ, ನಿನ್ನೆ ಇವಕ್ಕೆ ಪೂಜೆ ಹೇಗೆ ಮಾಡಿದ್ರಿ?"

"ಮೂರ್ತಪ್ಪಣ್ಣ ಎಲ್ಲಕ್ಕೂ ಒದ್ದೆ ವಿಭೂತಿ ಮೂರು ಬೆರಳಲ್ಲಿ ಎಳೆದ್ರು. ನಾನು ಹಿಂದೆ ಹಿಂದೆ ನಡುವಿಗೆ ಕುಂಕುಮ ಇಟ್ಟೆ. ಕೊಬ್ಬರಿ ಎಣ್ಣೇಲಿ ಕಲಸಿದ್ದು."

"ಒಂದನ್ನೂ ಬಿಡದೆ?"

"ಬಿಟ್ರೆ ಮೂರ್ತಪ್ಪಣ್ಣ ಬಿಡ್ತಾರಾ?"

"ಹಾಗಾದ್ರೆ ಇದೇನು?"

ವೀರಮ್ಮ ತೋರಿಸಿದ್ದು ಎಲ್ ಆಕಾರದ ಒಂದು ಉದ್ದ ಅಲೆನ್ ಕೀ. ಅಕ್ಕಪಕ್ಕದ ಎಲ್ಲದರ ಮೇಲೂ ವಿಭೂತಿಯ ಮೂರು ಗೆರೆ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಇದರ ಮೇಲೆ ಒಂದು ಗೆರೆಯೂ ಇಲ್ಲ. ಕುಂಕುಮ ಮಾತ್ರ ಇತ್ತು—ಅದೂ ಒಣ ಪುಡಿ.

"ಆ ಪೆಡಲ್ ಬಿಚ್ಚೋದು ಇದರಲ್ಲೇ ಅಲ್ವಾ ಮೂರ್ತಪ್ಪ?"

"ಹೌದಮ್ಮ. ಅದಕ್ಕೆ ಸ್ಪ್ಯಾನರ್ ಹಿಡಿಯಲ್ಲ. ಚಕ್ರದ ಕಡೆಯಿಂದ ಇದನ್ನ ತೂರಿಸ್ಬೇಕು."

"ಪೂಜೆ ಆದ ಮೇಲೆ ಇದನ್ನ ಯಾರೋ ಎತ್ತಿದಾರೆ. ಬೆರಳಿಗೆ ಹತ್ತಿದ ಕುಂಕುಮ ತೂತಿನ ಹಿಂದೆ ಅಂಟಿದೆ. ಹಿಡಿದು ತಿರುಗಿಸುವಾಗ ವಿಭೂತಿ ಅಂಗೈಗೆ ಉದುರಿ ಹೋಗಿದ್ದು ಶೆಡ್ಡಿನ ಮಬ್ಬಿನಲ್ಲಿ ಅವರಿಗೆ ಗೊತ್ತಾಗಿಲ್ಲ. ಎಣ್ಣೆ ಕುಂಕುಮದ ಕಲೆ ಮಾತ್ರ ಉಳಿದಿದೆ. ಮುಟ್ಟಿದ್ದು ಗೊತ್ತಾಗಬಾರದು ಅಂತ ಆ ಕಲೆಯ ಮೇಲೇ ಪೂಜೆ ತಟ್ಟೆಯಲ್ಲಿದ್ದ ಒಣ ಕುಂಕುಮ ಇಟ್ಟು ವಾಪಸ್ ಮಲಗಿಸಿದಾರೆ." ವೀರಮ್ಮ ನಿಧಾನವಾಗಿ ತಿರುಗಿದರು. "ಮೂರ್ತಪ್ಪ ಆಗಿದ್ರೆ ವಿಭೂತಿ ಮರೀತಿರಲಿಲ್ಲ. ದೀಪಶ್ರೀ ಆಗಿದ್ರೂ ಅಷ್ಟೇ, ಅವಳು ಕಣ್ಣಾರೆ ನೋಡಿದಾಳೆ. ಕೀ ಇದ್ದೂ ಪೂಜೆ ನೋಡದೇ ಇದ್ದವರು ಒಬ್ಬರೇ, ಸುದರ್ಶನ ಸರ್."

"ವಿಭೂತಿ ತಾನಾಗೇ ಉದುರಿರಬಹುದು."

"ಇದೊಂದರಿಂದಲೇ? ಇರಲಿ. ಅತ್ತೆ ಮನೆಗೆ ಹಬ್ಬದ ಊಟಕ್ಕೆ ಹೋಗೋರು ಇವಳ ಅಳತೆ ಶೂ ಯಾಕೆ ತಗೊಂಡು ಹೋಗಿದ್ರಿ? ಸೀದಾ ಬಂದೆ ಅಂದ್ರಲ್ಲ."

ಸುದರ್ಶನ ಕಂಕುಳಲ್ಲಿದ್ದ ಡಬ್ಬವನ್ನು ಒಮ್ಮೆ ನೋಡಿಕೊಂಡರು.  ಮೂರ್ತಪ್ಪ ಮೆಲ್ಲಗೆ ಬಾಗಿಲಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಕಾರಿನ ಡಿಕ್ಕೀಲಿದೆ," ಎಂದರು ಸುದರ್ಶನ, ಕಡೆಗೆ. "ಇವಳು ಗೆಲ್ಲಲಿ ಅಂತಲೇ ಮಾಡಿದ್ದು. ಎಷ್ಟು ಹೇಳಿದ್ರೂ ಕೇಳಲ್ಲ. ಫ್ಲಾಟಲ್ಲಿ ಕಲ್ಲಿನ ಮೇಲೆ ಕಾಲು ಎಗರುತ್ತೆ, ಟೈಮ್ ಹೋಗುತ್ತೆ. ಬೇರೆ ದಾರಿ ಇಲ್ಲದಿದ್ರೆ ಕ್ಲಿಪ್ ಹಾಕ್ತಾಳೆ ಅಂದ್ಕೊಂಡೆ."

"ಬಿದ್ದಿದ್ರೆ?" ನಾನು ಕೇಳಿದೆ.

ಸುದರ್ಶನ ಶೂ ಡಬ್ಬವನ್ನು ನೆಲಕ್ಕಿಟ್ಟರು.

"ನನಗೆ ಕಳ್ಳನ ಪಟ್ಟ ಕಟ್ಟಿದ್ರಲ್ಲ ಸರ್," ಎಂದ ಮೂರ್ತಪ್ಪ. 

ಚೈತನ್ಯಾ ಎದ್ದು ಹೋಗಿ ಡಿಕ್ಕಿಯಿಂದ ತನ್ನ ಪೆಡಲ್ ತಂದಳು. ಪಿನ್ನುಗಳ ಮೇಲೆ ಬೆರಳಾಡಿಸಿ ಒಂದೊಂದನ್ನೇ ನೋಡಿದಳು. ಹೊರಗೆ ಬಿಸಿಲು ಇಳಿಯತೊಡಗಿತ್ತು; ಪ್ರಾಕ್ಟೀಸಿನ ಹೊತ್ತು ಮುಗಿದಿತ್ತು.

"ನಾಳೆ ನಾನು ಬರೋದು ಬೇಡ ಅಲ್ವಾ?" ಸುದರ್ಶನ ಕೇಳಿದರು.

"ಬನ್ನಿ ಸರ್," ಎಂದಳು ಚೈತನ್ಯಾ. "ಕಲ್ಲು ಹೆಚ್ಚಿರೋ ತಿರುವಲ್ಲಿ ನಿಂತ್ಕೊಳ್ಳಿ. ನನ್ನ ಮುಖ ನೋಡ್ಬೇಡಿ. ಕಾಲು ನೋಡಿ."