ದೀಪದ ಕೋಣೆಯ ಬಾಗಿಲು

ನದಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಜ್ಯೋತಿಪುರವೆಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಪ್ರಾಣದೀಪ. ಅದು ಉರಿಯುತ್ತಿದ್ದರೆ ಮನೆಯವರ ಮೈಯಲ್ಲಿ ಜೀವ. ಯಾರಿಗಾದರೂ ಕುತ್ತು ಬಂದರೆ ದೀಪದ ಕುಡಿ ನಡುಗುತ್ತಿತ್ತು.

ಧೂಮಾಕ್ಷನೆಂಬ ಮಾಂತ್ರಿಕ ಹೊಗೆಯಾಗಿ ಬಂದು ಆ ದೀಪಗಳನ್ನು ನುಂಗತೊಡಗಿದ. ದೀಪ ಹೋದ ಮನೆಯವರು ನಿಂತಲ್ಲೇ ಕಲ್ಲಾದರು.

ಬೊಮ್ಮಣ್ಣಜ್ಜ ಮೊಮ್ಮಗಳು ಪದುಮಲೆಯನ್ನು ಕರೆದ. "ಮಗಳೇ, ಪಕ್ಕದ ಮನೆಯವರೂ ಕಲ್ಲಾದರು. ನಮ್ಮ ದೀಪದ ಕೋಣೆಗೆ ಗಟ್ಟಿ ಬಾಗಿಲು ಬೇಕು. ಬಾಗಿಲಗಿರಿಗೆ ಹೋಗಿ ನೋಡಿ ಆರಿಸಿಕೊಂಡು ಬಾ."

ಬೆಟ್ಟದ ನೆತ್ತಿಯಲ್ಲಿ ಪದುಮಲೆ ಬೆರಗಾಗಿ ನಿಂತಳು. ಗೋಡೆಯಿಲ್ಲ, ಮನೆಯಿಲ್ಲ, ಮೋಡಗಳ ನಡುವೆ ಬಾಗಿಲುಗಳು ತಾವಾಗಿಯೇ ನಿಂತಿದ್ದವು. ಒಂದರ ಸಂದಿನಿಂದ ಕಡಲಿನ ಮೊರೆತ ಕೇಳುತ್ತಿತ್ತು. ಇನ್ನೊಂದರ ಚಿಲಕದ ಮೇಲೆ ಎಳೆಚಂದ್ರ ಕೂತಿದ್ದ.

"ತೆರೆಸಲು ನೋಡು ತಾಯಿ," ಎಂದಳು ಬಾಗಿಲು ಕಾಯುವ ಅಜ್ಜಿ. "ಯಾವುದು ಸೋಲುವುದಿಲ್ಲವೋ ಅದು ನಿನ್ನದು."

ಮೊದಲನೆಯದು ಚಿನ್ನದ ಬಾಗಿಲು. "ಎಷ್ಟು ಚೆಲುವಾಗಿದ್ದೀಯೆ!" ಎಂದಳು ಪದುಮಲೆ. ಬಾಗಿಲು ನಾಚಿ ತೆರೆದುಕೊಂಡಿತು.

"ಇದು ಬೇಡ."

ಎರಡನೆಯದು ಕಬ್ಬಿಣದ್ದು. ಅದರ ಮೇಲಿನ ಸಿಂಹ ಗರ್ಜಿಸಿದಾಗ ಬೆಟ್ಟವೇ ಅದುರಿತು. ಪದುಮಲೆ ಜೊತೆಗೆ ತಂದಿದ್ದ ಧೂಪ ಹಚ್ಚಿ ಊದಿದಳು. ಹೊಗೆ ಸಿಂಹದ ಗಲ್ಲದಡಿಯ ಸಂದಿನಲ್ಲಿ ನುಸುಳಿ ಆಚೆ ಹೋಯಿತು.

"ಇದೂ ಬೇಡ."

ಮೂರನೆಯದು ಹೊನ್ನೆಮರದ ಕಪ್ಪು ಬಾಗಿಲು. ಬೀಗವಿಲ್ಲ, ಕೀಲಿಕೈಯ ಕಿಂಡಿಯಿಲ್ಲ. ಹೊಗಳಿದಳು, ಅಲುಗಲಿಲ್ಲ. ಧೂಪ ಊದಿದಳು, ಹೊಗೆ ಹಿಂದಕ್ಕೆ ಬಂತು. "ತೆರೆ!" ಎಂದು ಗದರಿದಳು.

"ಒಳಗಿರುವವರು ಹೇಳಿದರೆ ಮಾತ್ರ," ಎಂದಿತು ಬಾಗಿಲು.

ಪದುಮಲೆ ಕೈಮುಗಿದಳು. ಬಾಗಿಲು ಅವಳ ಹಿಂದೆಯೇ ಬೆಟ್ಟವಿಳಿದು, ಮನೆಗೆ ಬಂದು, ದೀಪದ ಕೋಣೆಯ ಚೌಕಟ್ಟಿನಲ್ಲಿ ತಾನಾಗಿಯೇ ಕೂತುಕೊಂಡಿತು. ಅವಳು ದೀಪದೊಡನೆ ಒಳಗುಳಿದಳು. ಅಜ್ಜ ಊರವರನ್ನು ಎಚ್ಚರಿಸಲು ಹೋದ.

ಮಟಮಟ ಮಧ್ಯಾಹ್ನ ಧೂಮಾಕ್ಷ ಬಂದ. ಆನೆಯಾಗಿ ಗುದ್ದಿದ, ಬಾಗಿಲು ಕದಲಲಿಲ್ಲ. ಹಾವಾಗಿ ಸಂದು ಹುಡುಕಿದ, ಸಂದೇ ಇರಲಿಲ್ಲ. ಆಮೇಲೆ ಹೊರಗೆ ಅಜ್ಜನ ದನಿ ಕೇಳಿಸಿತು.

"ಮಗಳೇ, ನನ್ನ ಕತ್ತು ಹಿಸುಕುತ್ತಿದ್ದಾನೆ! ಬಾಗಿಲು ತೆಗಿ!"

ಪದುಮಲೆ ಬಾಗಿಲ ಬಳಿಗೆ ಓಡಿದಳು. "ತೆರೆ" ಎನ್ನಲು ಬಾಯಿ ತೆಗೆದವಳು ದೀಪದ ಕಡೆ ನೋಡಿದಳು. ಕುಡಿ ಒಂದಿಷ್ಟೂ ನಡುಗದೆ ನೆಟ್ಟಗೆ ಉರಿಯುತ್ತಿತ್ತು.

"ನನ್ನಜ್ಜ ಸುಖವಾಗಿದ್ದಾನೆ. ನೀನು ಯಾರೋ!"

ಧೂಮಾಕ್ಷ ರೋಷದಿಂದ ಹೊಗೆಯಾಗಿ ಮರದ ಎಳೆ ಎಳೆಯೊಳಗೆ ನುಗ್ಗಿದ. ಬಾಗಿಲು ಬಿಸಿಯಾಯಿತು, ನರಳಿತು. ಪದುಮಲೆ ಅದಕ್ಕೆ ಎದೆಯೊತ್ತಿ ನಿಂತು ಕೂಗಿದಳು: "ಹಿಡಿದುಕೋ! ಬಿಡಬೇಡ!"

ಮರ ಬಿಗಿಯಿತು. ಮಾಂತ್ರಿಕ ಕಿರುಚಿದ, ಅವನ ಬಾಯಿಂದ ನುಂಗಿದ್ದ ದೀಪಗಳೆಲ್ಲ ಮಿಂಚುಹುಳುಗಳಂತೆ ಚಿಮ್ಮಿ ತಂತಮ್ಮ ಮನೆಗೆ ಹಾರಿದವು. ಅವನು ಮರದೊಳಗೆ ಒಂದು ಕಪ್ಪು ಗಂಟಾಗಿ ಉಳಿದುಹೋದ.

ಬೀದಿಯಲ್ಲಿ ಕಲ್ಲಾದವರು ಕಣ್ಣು ಬಿಟ್ಟರು. ನೀರು ಸೇದುತ್ತಾ ಕಲ್ಲಾಗಿದ್ದವಳು ಕೊಡ ಎತ್ತಿದಳು, ಅಳುತ್ತಾ ಕಲ್ಲಾಗಿದ್ದ ಕೂಸು ನಕ್ಕಿತು. ಅಜ್ಜ ಓಡಿ ಬಂದು ಮೊಮ್ಮಗಳನ್ನು ತಬ್ಬಿಕೊಂಡ. ಅಂದಿನಿಂದ ಜ್ಯೋತಿಪುರದಲ್ಲಿ ಯಾರ ದೀಪವೂ ಆರಲಿಲ್ಲ. ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆಮಾಡಿ, ನೂರ್ಕಾಲ ಸುಖವಾಗಿ ಬಾಳಿದರು.