ಆನೆಗಳಿಲ್ಲದ ಜಾಮಾ

"ಕಾವಲು ಕಾಯ್ತೀಯೋ, ಗೊರಕೆ ಹೊಡೀತೀಯೋ?" ಲಾರೂಸಿ ಕಾವಲುಗಾರನ ಕೊರಳಪಟ್ಟಿ ಹಿಡಿದಿದ್ದ.

"ಕೈ ತೆಗಿ ಮೊದ್ಲು! ನಿನ್ನೆ ಸಂಜೆ ಬಾಗಿಲು ತೆರೆದಿಟ್ಟು ಕಾಫಿಗೆ ಓಡಿದ್ದು ನೀನು. ನನ್ನ ಬೆಕ್ಕು ನುಗ್ಗಿರಬೇಕು," ಎಂದ ಹಮ್ಮಾ.

ಇನ್ಸ್‌ಪೆಕ್ಟರ್ ನಜೀಹಾ ಇಬ್ಬರನ್ನೂ ಬಿಡಿಸಿದಳು. ಮಕ್ತರ್‌ನ ಸಂಸ್ಕೃತಿ ಭವನದ ಉದ್ದ ಮೇಜಿನ ಮೇಲೆ ರೋಮನ್ನರು ಹ್ಯಾನಿಬಲ್‌ನನ್ನು ಸೋಲಿಸಿದ ಜಾಮಾ ಯುದ್ಧದ ಪುಟ್ಟ ಮಾದರಿ. ರೋಮನ್ ಸಾಲುಗಳು ನೆಟ್ಟಗಿದ್ದವು. ಕುದುರೆ ಸವಾರರೂ ಅಷ್ಟೆ. ಹ್ಯಾನಿಬಲ್‌ನ ಮಣ್ಣಿನ ಆನೆಗಳು ಮಾತ್ರ ನೆಲದ ಮೇಲೆ ಚೂರುಚೂರು. ಪಕ್ಕದಲ್ಲಿ ಹಳದಿ ಬಣ್ಣ ಕಲಸಿದ್ದ ಬಟ್ಟಲು ಉರುಳಿತ್ತು. ನಾಳೆ ಮಂತ್ರಿ ಬಂದು ಪರದೆ ಎಳೆಯಬೇಕಿತ್ತು. ಮಾದರಿ ಕಟ್ಟಿಸಿದ ಲಾರೂಸಿಯ ಎಷ್ಟೋ ವರ್ಷದ ಕನಸು ಅದು.

"ಆನೆ ಮಾಡಿದ್ದು ಯಾರು?"

"ನಾನು ಮೇಡಂ." ತಿಜಾನಿ ಮೂಲೆಯಿಂದ ಎದ್ದ. ತಲೆಯ ಮೇಲೆ ಕೆಂಪು ಟೋಪಿ. "ನಿನ್ನೆ ಮಧ್ಯಾಹ್ನವೇ ಮನೆಗೆ ಹೋದೆ. ಮತ್ತೆ ಈ ಕಡೆ ಬಂದಿಲ್ಲ. ಹೆತ್ತ ಮಕ್ಕಳನ್ನ ಯಾರಾದ್ರೂ ತುಳೀತಾರಾ?"

ಅದೂ ನಿಜವೇ ಅನ್ನಿಸಿತು ನಜೀಹಾಳಿಗೆ.

*

ಕಿಟಕಿಯ ದಂಡೆಯ ಮೇಲೆ ಅರ್ಧ ರೊಟ್ಟಿ ಇತ್ತು. ಅಂಚಿಗೆ ಹಳದಿ ಮೆತ್ತಿತ್ತು.

"ಇದನ್ನ ಇಲ್ಲಿಟ್ಟವರು ಯಾರು?"

"ನಾನಲ್ಲ," ಎಂದ ಲಾರೂಸಿ. "ಸಂಜೆ ಆ ಹಳದಿ ಕಲಸಿದೆ. ರೊಟ್ಟಿ ಬಟ್ಟಲಿನ ಪಕ್ಕ, ಮೇಜಿನ ಮೇಲೇ ಇತ್ತು."

ಹಮ್ಮಾ ತಾನೂ ಮುಟ್ಟಿಲ್ಲವೆಂದ.

"ಬೆಕ್ಕು ರೊಟ್ಟಿ ಎತ್ತಿಡುತ್ತೇನಯ್ಯಾ?" ಎಂದಳು ನಜೀಹಾ. "ನೆಲಕ್ಕೆ ಬಿದ್ದ ರೊಟ್ಟೀನ ನಾವೇನು ಮಾಡ್ತೀವಿ?"

"ಮುತ್ತಿಟ್ಟು, ಹಣೆಗೊತ್ತಿ, ಕಾಲಿಗೆ ಸಿಗದ ಕಡೆ ಇಡ್ತೀವಿ." ಹಮ್ಮಾ ಕೈಯಲ್ಲೇ ಮಾಡಿ ತೋರಿಸಿದ.

"ಆನೆ ತುಳಿದವನೂ ಅದನ್ನೇ ಮಾಡಿದ. ರೊಟ್ಟಿ ತುಳಿಯೋಕೆ ಮನಸ್ಸು ಬರಲಿಲ್ಲ. ಅದರ ಹಳದಿ ಅವನ ಹಣೆಗೂ ಮೆತ್ತಿರಬೇಕು. ತಿಜಾನಿ, ಟೋಪಿ ತೆಗಿ."

ಹಣೆ ಶುಭ್ರವಾಗಿತ್ತು. ನಜೀಹಾ ಟೋಪಿ ಕಸಿದು ಒಳಮಗ್ಗುಲು ತಿರುಗಿಸಿದಳು. ಅಂಚಿನಲ್ಲಿ ಹಳದಿ ಕಲೆ.

"ಮುಖ ತೊಳೆದೆ, ಟೋಪಿ ಮರೆತೆ. ಸಂಜೆ ಕಲಸಿದ ಬಣ್ಣ ಮಧ್ಯಾಹ್ನ ಮನೆಗೆ ಹೋದವನಿಗೆ ಹೇಗೆ ಮೆತ್ತಿತು?"

ತಿಜಾನಿ ಲಾರೂಸಿಯತ್ತ ಬೆರಳು ಮಾಡಿದ. "ಮೇಜಿನ ಮುಂದಿನ ಫಲಕ ನೋಡಿ ಮೇಡಂ, ಮಾಡಿದವರು ಅಂತ. ಇವನ ಹೆಸರೊಂದೇ. ಬಂದವರೆಲ್ಲ 'ಏನು ಆನೆಗಳು ಲಾರೂಸಿ!' ಅಂತಿದ್ರು. ಇವನು ಹಲ್ಲು ಕಿರೀತಿದ್ದ. ನನ್ನ ಹೊಟ್ಟೆ ಧಗಧಗ ಉರೀತಿತ್ತು. ನನ್ನವು ಅನ್ನಿಸಿಕೊಳ್ಳದಿದ್ರೆ ಇವನವೂ ಆಗಬಾರ್ದು!"

ಲಾರೂಸಿ ಬಗ್ಗಿ ಒಂದು ಚೂರು ಎತ್ತಿಕೊಂಡ. "ದೂರು ಬೇಡ ಮೇಡಂ. ತಿಜಾನಿ, ನಿನ್ನ ಹೆಸರೂ ಹಾಕಿಸ್ತೀನಿ ಮಾರಾಯ. ನಾಳೆಗೆ ನಾಲ್ಕೇ ಆನೆ ಮಾಡಿಕೊಡು."

"ಆನೆ ಬೇಕಾದಾಗ ಹೆಸರು ನೆನಪಾಯ್ತಾ?"

ತಿಜಾನಿ ಟೋಪಿ ಇಸಿದುಕೊಂಡು ಹೊರನಡೆದ.

*

ಮರುದಿನ ಪರದೆ ಸರಿಯಿತು. ಹ್ಯಾನಿಬಲ್‌ನ ಮುಂದೆ ಬರೀ ನೆಲ. ಫಲಕದಲ್ಲಿ ಎರಡು ಹೆಸರಿದ್ದವು. ಲಾರೂಸಿ ಮಂತ್ರಿಯ ಕೈ ಕುಲುಕುವಾಗಲೂ ಬಾಗಿಲನ್ನೇ ನೋಡುತ್ತಿದ್ದ.

ತಿಜಾನಿ ಬರಲಿಲ್ಲ.