ನೀಲಗಂಗವ್ವನ ಬಾಯಿಯ ಕಹಿ

“ನನ್ನ ಸೊಸಿ ಊಟದಾಗ ಏನೋ ಬೆರಸಾಕತ್ಯಾಳ ಸುಮಿತ್ರವ್ವಾ. ನಾಳೆ ಆಕಿನ್ನ ಯಳವತ್ತಿಗೆ, ತವರಿಗೆ ಕಳಸ್ತೀನಿ. ಅದಕ್ಕ ಮೊದಲ ನೀ ಆಕಿ ಕಳ್ಳಾಟ ಹಿಡದು ಕೊಡು.”

ನೀಲಗಂಗವ್ವ ಹೀಗೆಂದು ಬಂದು ಕುಳಿತಾಗ ನಾನು ಸುಮಿತ್ರಕ್ಕನ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದೆ. ಸುಮಿತ್ರಕ್ಕ ಪೊಲೀಸ್ ನೌಕರಿ ಮುಗಿಸಿ ನಮ್ಮೂರು ಶಿಗ್ಲಿಗೆ ಮರಳಿದವಳು. ಊರಲ್ಲಿ ಕೋಳಿ ಕಳೆದರೂ ಜನ ಬರುವುದು ಆಕೆಯ ಬಾಗಿಲಿಗೇ. ಆಕೆಯ ಜೊತೆ ತಿರುಗುವುದು, ಚಹಾ ಕಾಸುವುದು, ಬಾಯಿ ಮುಚ್ಚಿಕೊಂಡಿರುವುದು ನೆರೆಯವಳಾದ ನನ್ನ ಕೆಲಸ. ಕೊನೆಯದು ನನಗೆ ಬಲು ಕಷ್ಟ.

ಯುಗಾದಿ ಆದಾಗಿನಿಂದ ನೀಲಗಂಗವ್ವನ ಬಾಯಿಗೆ ಎಲ್ಲವೂ ಕಹಿಯಂತೆ. ಸೊಸೆ ಕಾಂಚನಾ ಮಾಡಿದ ಚಹಾ ಕಹಿ, ಸಾರು ಕಹಿ. ಮಗ ವೀರೇಶನಿಗೆ ಯಾರನ್ನು ನಂಬಬೇಕೋ ತಿಳಿಯದು. ನನಗೆ ಕಾಂಚನಾಳ ಮೇಲೆ ಕನಿಕರ ಉಕ್ಕಿತು, ಆದರೂ ಸುಮ್ಮನಿದ್ದೆ.

ಸುಮಿತ್ರಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ನೀಲಗಂಗವ್ವ ಬರೀ ಬಲಗಡೆಯೇ ಅಗಿದಳು. ಒಂದು ಚೂರು ಎಡಕ್ಕೆ ಸರಿದಾಗ ಕೆನ್ನೆ ಹಿಡಿದುಕೊಂಡಳು.

“ಹಲ್ಲು ನೋಯ್ತೈತೇನು?” ಎಂದಳು ಸುಮಿತ್ರಕ್ಕ.

“ಮೊದಲ ಭಾಳ ನೋಯ್ತಿತ್ತು. ತಣ್ಣೀರು ಕುಡದ್ರ ಎಷ್ಟೋ ಹೊತ್ತು ಝುಮ್ ಅಂತಿತ್ತು, ನಿದ್ದಿ ಇರಲಿಲ್ಲ. ಲವಂಗ ಇಟ್ಟೆ, ಒಮ್ಮಿಗೇ ನಿಂತು ಹೋತು! ಈಗ ಅಗದ್ರಷ್ಟ ಚೂರು ಚುಚ್ಚತೈತಿ.”

ಸುಮಿತ್ರಕ್ಕ ನನ್ನತ್ತ ನೋಡಿದಳು. “ಇವತ್ತ ಇಲ್ಲೇ ಉಂಡು ಮಲಕ್ಕೋ ನೀಲಗಂಗವ್ವಾ. ಮುಂಜಾನಿ ಎಲ್ಲಾರ್ನೂ ಕರಸೋಣು.”

ಮರುದಿನ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಕಾಂಚನಾ ತನ್ನ ಬಟ್ಟೆಯ ಚೀಲವನ್ನೂ ತಂದಿದ್ದಳು.

“ನೀಲಗಂಗವ್ವಾ, ನೀ ಎದ್ದು ಇನ್ನೂ ನೀರೂ ಮುಟ್ಟಿಲ್ಲ. ಬಾಯಿ ಹೆಂಗೈತಿ?” ಎಂದು ಕೇಳಿದಳು ಸುಮಿತ್ರಕ್ಕ.

“ಕಹಿ.”

“ನಿನ್ನೆ ಉಂಡಿದ್ದು ನನ್ನ ಕೈಯಾಗಿಂದು. ಹಂಗಾರ ವಿಷ ನಾ ಹಾಕಿದ್ನೇನು? ಕಹಿ ಅಡಗಿದ್ದು ಅಡಗಿ ಮನ್ಯಾಗಲ್ಲ, ನಿನ್ನ ಬಾಯಾಗ. ಕಾಂಚನಾ, ಬ್ಯಾಟರಿ ಹಿಡಿಯವಾ.”

ಎಡ ದವಡೆಯ ಒಂದು ಹಲ್ಲು ಉಳಿದವಕ್ಕಿಂತ ಕಪ್ಪಾಗಿತ್ತು. ಅದರ ಬುಡದ ವಸಡಿನಲ್ಲಿ ಮೊಡವೆಯಂಥ ಗುಳ್ಳೆ.

“ತಣ್ಣಂದು ತಾಗಿದ ನೋವು ಜಲ್ದಿ ಇಳೀಲಿಲ್ಲ, ನಿದ್ದಿ ಕೆಡಿಸ್ತು. ಅದು ಒಳಗಿನ ನರದ ಕೂಗು. ಒಮ್ಮಿಗೇ ನಿಂತಿದ್ದು ವಾಸಿ ಆಗಿ ಅಲ್ಲ, ನರ ಸತ್ತಿರಬೇಕು. ಅದಕ್ಕ ಹಲ್ಲು ಕಪ್ಪಾತು, ಅಗದ್ರ ನೋವು. ಗುಳ್ಳಿಯಿಂದ ಕೀವು ಇಳದು ಬಾಯಿ ಕಹಿ. ನಾನೂ ಹಿಂಗ ಲವಂಗ ನಂಬಿ ಒಂದು ಹಲ್ಲು ಕಳಕೊಂಡೀನಿ. ನಿಂದು ಉಳೀಬಹುದು, ಬೇರಿನ ಚಿಕಿತ್ಸೆ, ರೂಟ್ ಕೆನಾಲ್ ಬೇಕಾಗಬಹುದು. ಖರೆ ಏನಂತ ಎಕ್ಸ್‌ರೇ ತಗದು ಡಾಕ್ಟರೇ ಹೇಳಬೇಕು,” ಎಂದಳು ಸುಮಿತ್ರಕ್ಕ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ. ನಾನು ಇದನ್ನು ಜೋರಾಗಿಯೇ ಅಂದುಬಿಟ್ಟೆ. ಯಾರೂ ನಗಲಿಲ್ಲ. ನೀಲಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಾಂಚನಾ ಚೀಲವನ್ನು ವೀರೇಶನ ಕೈಗಿತ್ತಳು. “ಇದನ್ನ ಮನೀಗೆ ಒಯ್ರಿ. ನಾ ಅತ್ತಿನ್ನ ಗದಗಕ್ಕ ಕರಕೊಂಡು ಹೊಕ್ಕೀನಿ.”

ಗದಗಿನ ದಂತವೈದ್ಯರು ಎಕ್ಸ್‌ರೇ ನೋಡಿ ಸುಮಿತ್ರಕ್ಕನ ಮಾತನ್ನೇ ಹೇಳಿದರು. ಬೇರು ಸ್ವಚ್ಛ ಮಾಡಿ, ತುಂಬಿ, ಹಲ್ಲಿನ ಮೇಲೆ ಟೊಪ್ಪಿಗೆಯಂಥ ಕ್ಯಾಪ್ ಕೂಡಿಸಿದರು. ಹೋದಾಗಲೆಲ್ಲ ಕಾಂಚನಾ ಅತ್ತೆಯ ಕೈ ಹಿಡಿದು ಕೂತಿದ್ದಳಂತೆ.

ಎಲ್ಲ ಮುಗಿದ ಮೇಲೆ ಅತ್ತೆ ಸೊಸೆ ಜೋಡಿಯಾಗಿ ಸುಮಿತ್ರಕ್ಕನ ಕಟ್ಟೆಗೆ ಬಂದರು. ನೀಲಗಂಗವ್ವ ಕಡಕ್ ರೊಟ್ಟಿ ಮುರಿದು ಎಡಗಡೆ ಅಗಿದು ತೋರಿಸಿದಳು. “ಸುಮಿತ್ರವ್ವಾ, ನೀ ನನ್ನ ಹಲ್ಲು ಅಷ್ಟ ಅಲ್ಲ, ಮನೀನೂ ಉಳಿಸಿದಿ. ನಿನ್ನ ಉಪಕಾರ ಮರಿಯಂಗಿಲ್ಲ,” ಎಂದಳು. ಸುಮಿತ್ರಕ್ಕ ನಕ್ಕಾಗ ಕಳೆದ ಹಲ್ಲಿನ ಜಾಗ ಕಂಡಿತು.

ಅಂದು ಚಹಾ ಕಾಸಿದವಳು ಕಾಂಚನಾ. ನೀಲಗಂಗವ್ವ ಒಂದು ಗುಟುಕು ಕುಡಿದು ಚಹಾದ ಕಪ್ಪನ್ನು ಕೆಳಗಿಳಿಸಿದಳು. ನಾವೆಲ್ಲ ಆಕೆಯ ಮುಖವನ್ನೇ ನೋಡಿದೆವು. ಆಕೆಯ ಕಣ್ಣು ತುಂಬಿ ಬಂದಿತ್ತು.

ಕಪ್ಪು ಬರಿದು ಮಾಡಿ ಸೊಸೆಯ ಮುಂದೆ ಚಾಚಿದಳು. “ಇನ್ನೊಂದೀಟು ಹಾಕವಾ, ನನ್ನವ್ವಾ.”